ಕಣ್ಣಿಗೆ ಕಾಣದ ಕಾಡಿಗೆ



ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ನೀವಿದ್ದೀರಿ ಎಂದಿಟ್ಟುಕೊಳ್ಳಿ. ಹೊತ್ತು ಇಳಿದ ಮೇಲೆ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂಡುತ್ತೀರಿ. ಒಬ್ಬರು ಶಾಲೆಯ ಮಾಸ್ತರರು, ಒಬ್ಬರು ತೊಗರಿ ಬೆಳೆಯುವವರು, ಒಬ್ಬ ಕಾಲೇಜು ಓದುವ ಹುಡುಗ, ನಾಲ್ಕನೆಯವರು ನೀವು. ಯಾರೋ ಒಬ್ಬರು ತಾವು ಬರೆದದ್ದನ್ನು ಓದುತ್ತಾರೆ. ಉಳಿದ ಮೂವರು ಕೇಳಿ, ಈ ಸಾಲು ನಿಂತಿದೆ, ಆ ಸಾಲು ಕುಂಟುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸಿಟ್ಟು ಬಂದರೂ ಅದು ಚಹಾ ಕುಡಿಯುವ ತನಕ ಮಾತ್ರ. ವರ್ಷ ಕಳೆಯುವುದರೊಳಗೆ ಸುದ್ದಿ ಹಬ್ಬಿ ಸೇಡಂನಿಂದ ಇಬ್ಬರು, ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ಮೂವರು, ಶಹಾಬಾದಿನಿಂದ ಒಬ್ಬರು, ಹೀಗೆ ಬರತೊಡಗಿ ಈಗ ಕಟ್ಟೆಯ ಮೇಲೆ ಇಪ್ಪತ್ತು ಜನ. ಒಬ್ಬೊಬ್ಬರಿಗೆ ಅರ್ಧ ಗಂಟೆ ಎಂದರೂ ಹತ್ತು ಗಂಟೆಯಾಯಿತು. ಹಾಗಾಗಿ ಓದಿದ್ದಕ್ಕೆಲ್ಲ ‘ಛಲೋ ಅದ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ರೂಢಿಯಾಗುತ್ತದೆ. ಮೊದಲಿನ ನಾಲ್ವರಲ್ಲಿ ಒಬ್ಬರು ಬರುವುದನ್ನೇ ಬಿಡುತ್ತಾರೆ.

ಗುಂಪು ಬೆಳೆದದ್ದು ಸಂತೋಷವೇ. ಆದರೆ ಯಾವುದಕ್ಕಾಗಿ ಕೂಡಿದ್ದರೋ ಅದು ಈಗ ನಡೆಯುತ್ತಿಲ್ಲ. ಈ ತೊಡಕು ನಿಮ್ಮೊಬ್ಬರದೇ ಎಂದು ತಿಳಿಯಬೇಡಿ. ಬರೆಯುವವರು ಒಂದೆಡೆ ಕೂಡಿ ಒಬ್ಬರನ್ನೊಬ್ಬರು ತಿದ್ದಿಕೊಳ್ಳುವ ಪದ್ಧತಿಗೆ ಕನ್ನಡದಲ್ಲಿ ಸಾವಿರದ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರ ಮೊದಲ ಪುಟ ನಿಮ್ಮ ಕಟ್ಟೆಗೆ ದೂರವೇನೂ ಅಲ್ಲ. ಚಿಂಚೋಳಿಯಿಂದ ಸೇಡಂಗೆ ಬಂದು ಕಲಬುರಗಿಯ ದಾರಿ ಹಿಡಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಈಗ ಅಲ್ಲಿ ಕಾಣುವುದು ಒಂದು ಹಳೆಯ ಕೋಟೆ, ಸುತ್ತ ಕಡಪಾ ಕಲ್ಲಿನಂಥ ಪರಸಿಯ ಮನೆಗಳು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ.

814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ವೇಳೆಗೆ, ಇಲ್ಲಿ ಹುಟ್ಟಿದ್ದು ‘ಕವಿರಾಜಮಾರ್ಗ’. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ಅದು. ಕರ್ತೃ ಯಾರೆಂಬ ಚರ್ಚೆ ಬಹುಕಾಲ ನಡೆದು, ಶ್ರೀವಿಜಯನೇ ಬರೆದವನು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಗಿ ನಿಂತಿದೆ. ಗ್ರಂಥವಂತೂ ತನ್ನನ್ನು ನೃಪತುಂಗನ ಅನುಮತ ಪಡೆದದ್ದು ಎಂದೇ ಕರೆದುಕೊಳ್ಳುತ್ತದೆ. ಅಂದರೆ ಒಬ್ಬ ಬರೆದ, ಇನ್ನೊಬ್ಬ ಒಪ್ಪಿದ ಎಂಬ ಸಂಗತಿ ನಮ್ಮ ಸಾಹಿತ್ಯದ ಹೊಸ್ತಿಲಿನಲ್ಲೇ ಕೆತ್ತಿಟ್ಟಂತಿದೆ.

ನಮ್ಮ ಮೊದಲ ಗ್ರಂಥ ಒಂದು ಕತೆಯಲ್ಲ, ಸ್ತೋತ್ರವಲ್ಲ, ಯುದ್ಧದ ವರ್ಣನೆಯೂ ಅಲ್ಲ. ಕವಿತೆಯಲ್ಲಿ ತಪ್ಪು ಎಲ್ಲೆಲ್ಲಿ ನುಸುಳುತ್ತದೆ ಎಂದು ತೋರಿಸುವ ಪುಸ್ತಕ ಅದು. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರಕ್ಕೇ ಮೀಸಲು. ಅಲ್ಲಿ ಒಂದು ಸೊಗಸಾದ ಹೋಲಿಕೆ ಬರುತ್ತದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಮನುಷ್ಯನೂ ಹಾಗೆಯೇ, ತನ್ನ ದೋಷವನ್ನು ತಾನು ಕಾಣಲಾರ. ನೀವು ಕಟ್ಟೆಯ ಮೇಲೆ ಕೂಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ಈವರೆಗೆ ಯಾರೂ ಕೊಟ್ಟಿಲ್ಲವೆಂದು ನನಗೆ ತೋರುತ್ತದೆ. ಕಾಡಿಗೆ ಎದುರಿಗೆ ಕೂತವರಿಗೆ ಮಾತ್ರ ಕಾಣುವಂಥದು.

ತಪ್ಪು ತೋರಿಸುವ ರೀತಿಯನ್ನೂ ಈ ಗ್ರಂಥದಿಂದ ಕಲಿಯಬಹುದು. ದೋಷವುಳ್ಳ ಪದ್ಯವೊಂದನ್ನು ಕೊಟ್ಟು ಅಷ್ಟಕ್ಕೇ ಬಿಟ್ಟುಬಿಡುವುದಿಲ್ಲ. ಹೀಗೆ ಹೇಳಿದರೆ ಸರಿಹೋಗುತ್ತದೆ ಎಂದು ತಿದ್ದಿದ ರೂಪವನ್ನೂ ಕೊಡುತ್ತದೆ. ಸಂಸ್ಕೃತ ಶಬ್ದಕ್ಕೆ ಕನ್ನಡ ಶಬ್ದವನ್ನು ಹೇಗೆಂದರೆ ಹಾಗೆ ಬೆಸೆಯುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಗದರುತ್ತದೆ, ನಿಜ. ಆದರೆ ಆ ಗದರಿಕೆ ಪದ್ಯದ ಮೇಲೆ, ಬರೆದವನ ಮೇಲಲ್ಲ.

ಇನ್ನೊಂದು ಸಂಗತಿ ಚಿಂಚೋಳಿ ಕಡೆಯವರಿಗೆ ವಿಶೇಷವಾಗಿ ಮುಟ್ಟೀತು. ತೆಲುಗು, ದಖ್ಖನಿ, ಲಂಬಾಣಿ ಎಲ್ಲ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ ನಿಮ್ಮದು. ಕಟ್ಟೆಯ ಮೇಲೆ ಇಪ್ಪತ್ತು ಜನ ಕೂಡಿದಾಗ ಕನ್ನಡವೂ ಐದಾರು ಬಗೆಯದಾಗುತ್ತದೆ. ‘ಹಾಗನ್ನುವುದು ತಪ್ಪು, ಹೀಗನ್ನಬೇಕು’ ಎನ್ನುವವರು ಇದ್ದೇ ಇರುತ್ತಾರೆ. ಕವಿರಾಜಮಾರ್ಗಕಾರ ಈ ಪ್ರಶ್ನೆಯನ್ನು ಆಗಲೇ ಎದುರಿಸಿದ್ದ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳು ಎಂದು ಅವನು ಹೇಳಿದ್ದು ಹೌದು. ಗಮನಿಸಿ, ತಾನು ಕೂತಿದ್ದ ರಾಜಧಾನಿಯನ್ನು ಅವನು ಆ ಪಟ್ಟಿಯಲ್ಲಿ ಸೇರಿಸಿಲ್ಲ. ಆದರೂ ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂದು ಕೈಬಿಡುತ್ತಾನೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂಬ ಪ್ರಸಿದ್ಧ ಮಾತೂ ಇದೇ ಗ್ರಂಥದ್ದು. ಅದನ್ನು ನಾವು ಮತಧರ್ಮಗಳ ಸಂದರ್ಭದಲ್ಲಿ ಮಾತ್ರ ನೆನೆಯುತ್ತೇವೆ. ಕವಿಗಳಿಗಾಗಿ ಬರೆದ ಪುಸ್ತಕದಲ್ಲಿ ಅದು ಬಂದಿದೆ ಎಂಬುದನ್ನೂ ನೆನೆಯಬೇಕು.

ಈಗ ಚಿತ್ತಾಪುರಕ್ಕೆ ಬನ್ನಿ. ಪಕ್ಕದ ನಾಗಾವಿಗೆ ಎಲ್ಲಮ್ಮನ ದರ್ಶನಕ್ಕೆ ಹೋದವರು ಅಲ್ಲಿಯ ಅರವತ್ತು ಕಂಬದ ಗುಡಿಯನ್ನೂ ನೋಡಿರುತ್ತೀರಿ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಇದೊಂದು ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರ. 1058ರ ಶಾಸನ ಅಲ್ಲಿಯ ಲೆಕ್ಕವನ್ನು ಒಪ್ಪವಾಗಿ ಇಟ್ಟಿದೆ. ವೇದ ಓದುವವರು 200 ಜನ, ಶಾಸ್ತ್ರ ಓದುವವರು ಸುಮಾರು 50. ವೇದಕ್ಕೆ ಮೂವರು ಉಪಾಧ್ಯಾಯರು. ಶಾಸ್ತ್ರಕ್ಕೂ ಮೂವರು: ಭಾಟ್ಟದರ್ಶನಕ್ಕೊಬ್ಬ, ನ್ಯಾಸಕ್ಕೊಬ್ಬ, ಪ್ರಾಭಾಕರಕ್ಕೊಬ್ಬ. ಇವರಲ್ಲದೆ ಓಲೆಗಳನ್ನು ಕಾಯಲು ಆರು ಜನ ಸರಸ್ವತೀ ಭಂಡಾರಿಗಳು.

ಈ ಅಂಕಿಗಳನ್ನು ಸ್ವಲ್ಪ ಭಾಗಿಸಿ ನೋಡಿ. ವೇದದಲ್ಲಿ ಒಬ್ಬ ಗುರುವಿಗೆ ಅರವತ್ತಕ್ಕೂ ಹೆಚ್ಚು ಶಿಷ್ಯರು. ಶಾಸ್ತ್ರದಲ್ಲಿ ಹದಿನೇಳರ ಆಸುಪಾಸು. ಯಾಕೆ ಹೀಗೆ? ಶಾಸನ ಕಾರಣ ಹೇಳುವುದಿಲ್ಲ, ನಾವೇ ಊಹಿಸಬೇಕು. ವೇದಪಾಠದಲ್ಲಿ ಗುರು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಅರವತ್ತು ಕೊರಳು ಒಂದೇ ಕೊರಳಾಗಬಹುದು. ಶಾಸ್ತ್ರದಲ್ಲಿ ಹಾಗಲ್ಲ. ಅಲ್ಲಿ ಒಬ್ಬ ಪೂರ್ವಪಕ್ಷ ಹೂಡಬೇಕು, ಇನ್ನೊಬ್ಬ ಖಂಡಿಸಬೇಕು, ಮೂರನೆಯವನಿಗೂ ಬಾಯಿ ಬಿಡುವ ಸರದಿ ಬರಬೇಕು. ಕೇಳುವ ಕೂಟ ಎಷ್ಟಾದರೂ ಬೆಳೆಯಬಹುದು, ವಾದಿಸುವ ಕೂಟ ಬೆಳೆದರೆ ಒಡೆದು ಹಂಚಬೇಕು. ನಿಮ್ಮ ಕಟ್ಟೆಯ ಇಪ್ಪತ್ತು ಜನರ ಕಷ್ಟ ಇದೇ ತಾನೆ? ಅವರು ಶಾಸ್ತ್ರಕ್ಕೆ ಕೂಡಿ ವೇದಪಾಠ ಹೇಳುತ್ತಿದ್ದಾರೆ.

ಬೆಳೆಯುವ ಗುಂಪಿಗೆ ಹೊಸಬರನ್ನು ಹೇಗೆ ಬರಮಾಡಿಕೊಳ್ಳುವುದು ಎಂಬುದು ಇನ್ನೊಂದು ಸಮಸ್ಯೆ. ಇದಕ್ಕೆ ಕಲ್ಯಾಣದ ಅನುಭವ ಮಂಟಪದ ನೆನಪಾಗುತ್ತದೆ. ನಮಗೆ ಆ ಮಂಟಪದ ಚಿತ್ರ ದೊರೆಯುವುದು ಹೆಚ್ಚಾಗಿ 15ನೆಯ ಶತಮಾನದಿಂದ ಈಚೆಗೆ ಸಂಕಲನಗೊಂಡ ‘ಶೂನ್ಯಸಂಪಾದನೆ’ಗಳಿಂದ, ಆದ್ದರಿಂದ ಅದನ್ನು ನಡಾವಳಿಯ ವರದಿಯಂತೆ ಓದಬಾರದು. ಆದರೂ ಅಲ್ಲಿ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಅವಳನ್ನು ಕೈಮುಗಿದು ಕೂರಿಸುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಕಟುವಾಗಿಯೇ ಕೇಳುತ್ತಾನೆ. ಅವಳು ಉತ್ತರಿಸುತ್ತಾಳೆ. ಆಮೇಲೆ ಸಭೆಯೇ ಅವಳನ್ನು ಅಕ್ಕ ಎನ್ನುತ್ತದೆ. ಇನ್ನು ಶೂನ್ಯಸಂಪಾದನೆಯ ರಚನೆಯೇ ಒಂದು ದೊಡ್ಡ ತಿದ್ದುಪಡಿಯ ಕತೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಹೊಂದಿಸಿದ್ದನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಮತ್ತೆ ಹೊಂದಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೋ ಇಲ್ಲವೋ ಎಂಬಂಥ ಭಿನ್ನಾಭಿಪ್ರಾಯಗಳು ನಾಲ್ಕು ಪಾಠಗಳಾಗಿ ಉಳಿದವು. ಜಗಳವಾಡಿ ಓಲೆಗಳನ್ನು ಸುಡಲಿಲ್ಲ, ಮತ್ತೊಂದು ಪ್ರತಿ ಬರೆದರು.

ನಿಜಾಮರ ಕಾಲಕ್ಕೆ ಬಂದರೆ, ಕಲಬುರಗಿ ಸೀಮೆಯಲ್ಲಿ ಕೂಟ ಕೂಡುವುದೇ ಕಷ್ಟ. ಸಾರ್ವಜನಿಕ ಸಭೆಗೆ ಮುಂಚಿತವಾಗಿ ಸರಕಾರದ ಅಪ್ಪಣೆ ಬೇಕೆಂಬ ಕಟ್ಟಳೆ, ಜನರ ಬಾಯಲ್ಲಿ ‘ಗಸ್ತಿ ನಿಶಾನ್ 53’, ಹಲವು ವರ್ಷ ಜಾರಿಯಲ್ಲಿತ್ತು. ಶಾಲೆಯ ಮಾಧ್ಯಮ ಉರ್ದು. ಅಂಥ ದಿನಗಳಲ್ಲೂ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಸಮ್ಮೇಳನ ಎಂಬುದು ಉತ್ಸವ, ಜಾತ್ರೆ. ಅದರ ಉಪಯೋಗ ಬೇರೆ. ತಿದ್ದಿಕೊಳ್ಳುವ ಕೆಲಸ ಜಾತ್ರೆಯಲ್ಲಿ ಆಗುವುದಿಲ್ಲ.

ಆ ಕೆಲಸ ಆಗ ನಡೆಯುತ್ತಿದ್ದದ್ದು ಮುಂಬಯಿ ಪ್ರಾಂತದ ಧಾರವಾಡದಲ್ಲಿ. 1922ರ ಸುಮಾರಿಗೆ ದ.ರಾ. ಬೇಂದ್ರೆಯವರ ಸುತ್ತ ಕಟ್ಟಿಕೊಂಡ ‘ಗೆಳೆಯರ ಗುಂಪು’ ಈ ವಿಷಯದಲ್ಲಿ ನಮಗೆ ತೀರ ಹತ್ತಿರದ ಉದಾಹರಣೆ. ಬೆಟಗೇರಿ ಕೃಷ್ಣಶರ್ಮ, ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ, ಎನ್ಕೆ ಕುಲಕರ್ಣಿ, ಒಬ್ಬೊಬ್ಬರ ಹೆಸರೂ ಮುಂದೆ ಒಂದೊಂದು ಅಧ್ಯಾಯವಾಯಿತು. ಆಗ ಮಾತ್ರ ಅವರು ಹುಡುಗರು. ಬೇಂದ್ರೆಯವರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ; ಆದರೂ ಅವರೇ ಗುಂಪಿನ ಅಣ್ಣ. ಇಂಗ್ಲಿಷಿನಲ್ಲಿ ಪದ್ಯ ಹೊಸೆಯುತ್ತಿದ್ದ ಗೋಕಾಕರನ್ನು ಕನ್ನಡಕ್ಕೆ ತಿರುಗಿಸಿದವರು ಬೇಂದ್ರೆ ಎಂಬುದನ್ನು ನೀವು ಕೇಳಿರಬಹುದು. ಒಬ್ಬ ಹಿರಿಯನ ಒಂದು ಮಾತು ಒಬ್ಬ ಕವಿಯ ಭಾಷೆಯನ್ನೇ ಬದಲಿಸಿತು. 1973ರ ಜ್ಞಾನಪೀಠ ಬೇಂದ್ರೆಯವರಿಗೆ ಬಂತು, 1990ರದು ಗೋಕಾಕರಿಗೆ.

ಈ ಗುಂಪು ಬೆಳೆದಾಗ ಏನು ಮಾಡಿತು? ನಿಯಮಾವಳಿ ಬರೆದು ಅದು ಬದುಕಲಿಲ್ಲ. ಅದರ ಕೆಲಸಗಳು ಒಂದೊಂದಾಗಿ ಬೇರೆ ಮನೆ ಮಾಡಿದವು. ಆಲೂರ ವೆಂಕಟರಾಯರು 1922ರಲ್ಲಿ ಆರಂಭಿಸಿದ ‘ಜಯಕರ್ನಾಟಕ’ ಪತ್ರಿಕೆ ಗುಂಪಿನವರ ಬರವಣಿಗೆಗೆ ಅಂಗಳವಾಯಿತು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಹೂಡಿದಾಗ ಬೇಂದ್ರೆ, ಗೋಕಾಕ, ಮುಗಳಿ ಸಂಪಾದಕರಾಗಿ ನಿಂತರು. ಬೆಟಗೇರಿಯವರು 1938ರಲ್ಲಿ ‘ಜಯಂತಿ’ ಎಂಬ ತಮ್ಮದೇ ಪತ್ರಿಕೆ ತೆಗೆದರು. ಶಂ.ಬಾ. ಅವರು ಕವಿತೆಯ ದಾರಿ ಬಿಟ್ಟು ಸಂಶೋಧನೆಗೆ ಇಳಿದರು. ಗೋಕಾಕರು ಪುಣೆಗೆ, ಮುಗಳಿಯವರು ಸಾಂಗಲಿಗೆ ಅಧ್ಯಾಪಕರಾಗಿ ಹೋದರು. ಇದನ್ನು ಗುಂಪು ಒಡೆಯಿತು ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಳೆಯ ಗಿಡದ ಬುಡದಲ್ಲಿ ಮರಿ ಎದ್ದಾಗ ಕಿತ್ತು ಬೇರೆ ಗುಣಿಗೆ ಹಾಕುತ್ತೇವಲ್ಲ, ಹಾಗೆ.

ಕಷ್ಟವಿರಲಿಲ್ಲವೆಂದಲ್ಲ. 1932ರಲ್ಲಿ ‘ಗರಿ’ ಪ್ರಕಟವಾದಾಗ ಅದರಲ್ಲಿದ್ದ ‘ನರಬಲಿ’ ಕವಿತೆ ರಾಜದ್ರೋಹವೆನಿಸಿ ಬೇಂದ್ರೆಯವರಿಗೆ ಹಿಂಡಲಗಿ ಸೆರೆಮನೆ, ಆಮೇಲೆ ಮುಗದದಲ್ಲಿ ಸ್ಥಾನಬದ್ಧತೆ. ಕೆಲಸ ಹೋಯಿತು, ವರ್ಷಗಟ್ಟಲೆ ನಿರುದ್ಯೋಗ. ಎಲ್ಲವೂ ಒಬ್ಬ ಅಣ್ಣನ ಸುತ್ತ ತಿರುಗುತ್ತಿದ್ದ ಗುಂಪಿಗೆ ಅಣ್ಣನೇ ಕಣ್ಮರೆಯಾದರೆ ಏನಾಗಬೇಕು? ಇದು ಆ ಕೂಟದ ದೌರ್ಬಲ್ಯವೆಂದೇ ಹೇಳಬೇಕು. ಇನ್ನೊಂದು ಕೊರತೆಯೂ ಇದೆ. ನಾನು ಮೇಲೆ ಹೇಳಿದ ಹೆಸರುಗಳನ್ನು ಮತ್ತೊಮ್ಮೆ ಓದಿ, ಒಂದೂ ಹೆಣ್ಣಿನ ಹೆಸರಿಲ್ಲ. ಕಲ್ಯಾಣದಲ್ಲಿ ಅಕ್ಕ, ಮುಕ್ತಾಯಕ್ಕ ಎದ್ದು ಮಾತಾಡಿದ ನಾಡು ಇದು.

ಅದೇ ಹೊತ್ತಿಗೆ ಬಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಇನ್ನೊಂದು ಗೆಳೆತನ ನಡೆದಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಐನಾಪುರದವರಿಗೆ ಧಾರವಾಡಕ್ಕಿಂತ ಈ ಹಲಸಂಗಿಯೇ ಹೆಚ್ಚು ಸಮೀಪವೆನಿಸಬೇಕು, ಯಾಕೆಂದರೆ ಅಲ್ಲಿ ಕಾಲೇಜಿರಲಿಲ್ಲ, ಮುದ್ರಣಾಲಯವಿರಲಿಲ್ಲ. ಅವರು ಗುಂಪನ್ನು ಬೆಳೆಸಲು ಹೋಗಲೇ ಇಲ್ಲ. ಮಾಡುವ ಕೆಲಸವನ್ನು ಬೆಳೆಸಿದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದದ್ದನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರತಂದರು. ತಮ್ಮ ಪದ್ಯಗಳನ್ನೇ ಒಬ್ಬರಿಗೊಬ್ಬರು ಓದುತ್ತ ಕೂತಿದ್ದರೆ ಈ ಮೂರು ಪುಸ್ತಕ ನಮಗಿರುತ್ತಿರಲಿಲ್ಲ. ಸಿಂಪಿ ಲಿಂಗಣ್ಣನವರು ಮುಂದೆ 1993ರ ಕೊಪ್ಪಳ ಸಮ್ಮೇಳನದ ಅಧ್ಯಕ್ಷರಾದರು.

ಸಮುದ್ರದಾಚೆಯ ಒಂದು ಪ್ರಸಂಗ ಹೇಳಿ ಮತ್ತೆ ಊರಿಗೆ ಬರೋಣ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಅದೇ ಊರಿನಲ್ಲಿ ಆಗ ‘ಇಂಕ್ಲಿಂಗ್ಸ್’ ಎಂಬ ಕೂಟವಿತ್ತು. ಸಿ.ಎಸ್. ಲೂಯಿಸ್‌ರ ಕೋಣೆಯಲ್ಲಿ ಗುರುವಾರ ರಾತ್ರಿ ಅಧ್ಯಾಪಕ ಮಿತ್ರರು ಕೂಡಿ ತಮ್ಮ ಹಸ್ತಪ್ರತಿಗಳನ್ನು ಓದುತ್ತಿದ್ದರು. ಟೋಲ್ಕಿನ್ ತಮ್ಮ ‘ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಬರೆಬರೆದಂತೆ ಓದಿದ್ದು ಅಲ್ಲಿಯೇ. ಕೂಟಕ್ಕೆ ಬರುತ್ತಿದ್ದ ಹ್ಯೂಗೋ ಡೈಸನ್ ಎಂಬುವರಿಗೆ ಆ ಕತೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಕೊನೆಕೊನೆಗೆ ಡೈಸನ್ ಬಂದ ದಿನ ಟೋಲ್ಕಿನ್‌ರ ಓದನ್ನು ಕೈಬಿಡುವಂತಾಯಿತು. ಇಡೀ ಕೂಟಕ್ಕೆ ಬೇಕಾದದ್ದನ್ನು ಒಬ್ಬರ ಬೇಸರ ನಿಲ್ಲಿಸಿತು. 1949ರಲ್ಲಿ ಒಂದು ಗುರುವಾರ ಯಾರೂ ಬರಲಿಲ್ಲ, ಕೂಟ ಮುಗಿಯಿತು. ಲೂಯಿಸ್‌ರ ಒತ್ತಾಯವಿಲ್ಲದಿದ್ದರೆ ಟೋಲ್ಕಿನ್ ಪುಸ್ತಕವನ್ನು ಪೂರ್ತಿಗೊಳಿಸುತ್ತಿದ್ದರೋ ಇಲ್ಲವೋ. ತಿದ್ದುವವರಷ್ಟೇ ಬೆನ್ನು ತಟ್ಟುವವರೂ ಬೇಕು; ಆದರೆ ಇಪ್ಪತ್ತು ಜನ ‘ಛಲೋ ಅದ’ ಅನ್ನುವುದು ಬೆನ್ನು ತಟ್ಟುವುದಲ್ಲ, ಎದ್ದು ಹೋಗುವ ಅವಸರ.

ಧಾರವಾಡದ ಕತೆ ಅಲ್ಲಿಗೇ ನಿಲ್ಲಲಿಲ್ಲ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇದೆ. ನಿಜವಾಗಿಯೂ ಅಟ್ಟವೇ, ಮೆಟ್ಟಿಲು ಹತ್ತಿ ಹೋಗಬೇಕು. ಅಲ್ಲಿ ಜಿ.ಬಿ.ಯವರ ಜೊತೆಗೆ ಕೂರುತ್ತಿದ್ದವರು ಕೀರ್ತಿನಾಥ ಕುರ್ತಕೋಟಿ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಈ ಗ್ರಂಥಮಾಲೆಯಿಂದ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕವಿಲ್ಲ ಎಂದು ಕುರ್ತಕೋಟಿಯವರು ಆಡಿದ ಮಾತು ಕಾರ್ನಾಡರನ್ನು ಚರಿತ್ರೆಯ ಪುಸ್ತಕಗಳ ಕಡೆಗೆ ಅಟ್ಟಿತು, 1964ರಲ್ಲಿ ‘ತುಘಲಕ್’ ಬಂತು. ಅಟ್ಟದಲ್ಲಿ ಇಪ್ಪತ್ತು ಜನ ಕೂರಲು ಜಾಗವೇ ಇಲ್ಲ ಎಂಬುದು ಕೂಡ, ತಮಾಷೆಗೆ ಹೇಳುವುದಾದರೆ, ಅದರ ಯಶಸ್ಸಿಗೆ ಒಂದು ಕಾರಣವಿರಬಹುದು.

ಹಾಗಾದರೆ ನಿಮ್ಮ ಕಟ್ಟೆ? ಇಪ್ಪತ್ತು ಜನರನ್ನು ನಾಲ್ಕು ಜಗಲಿಗೆ ಹಂಚಿ ನೋಡಿ. ಸೇಡಂನವರು ಸೇಡಂನಲ್ಲಿ, ವಾಡಿಯವರು ವಾಡಿಯಲ್ಲಿ ಕೂಡಲಿ. ತಿಂಗಳಿಗೊಮ್ಮೆ ಎಲ್ಲರೂ ಐನಾಪುರಕ್ಕೆ ಬರಲಿ, ಆ ದಿನ ಬರೀ ಓದು, ಕೇಳುವುದು, ಊಟ. ಪ್ರತಿ ಜಗಲಿಯಲ್ಲೂ ಮೊದಲಿನ ನಾಲ್ವರಲ್ಲಿ ಒಬ್ಬರಿರಲಿ. ಹೊಸಬರು ಬಂದ ದಿನವೇ ತಮ್ಮದನ್ನು ಓದುವುದು ಬೇಡ, ಎರಡು ಸಲ ಇನ್ನೊಬ್ಬರದನ್ನು ಕೇಳಿ ಮಾತಾಡಿದ ಮೇಲೆ ಓದಲಿ. ಯಾರ ಬೇಸರಕ್ಕೂ ಯಾರ ಓದೂ ನಿಲ್ಲುವುದು ಬೇಡ. ಕೂಡಿಸುವ ಹೊಣೆ ವರ್ಷಕ್ಕೊಬ್ಬರದಾಗಲಿ. ಬಿಟ್ಟುಹೋದ ಆ ಹಳೆಯ ಗೆಳೆಯರ ಮನೆಗೆ ನೀವೇ ಹೋಗಿ, ಮೊದಲ ವರ್ಷದ ಹೊಣೆಯನ್ನು ಅವರಿಗೇ ಕೊಡಿ.

ಮತ್ತೆ ಒಂದು ದಪ್ಪನೆಯ ವಹಿ ಇಡಿ. ಯಾರು ಏನು ಓದಿದರು, ಯಾರು ಏನು ಹೇಳಿದರು, ತಿದ್ದಿದ ಮೇಲೆ ಅದು ಏನಾಯಿತು ಎಂದು ಬರೆಯುವವರೊಬ್ಬರು ಇರಲಿ. ನಾಗಾವಿಯವರು ಆರು ಜನರನ್ನು ಇಟ್ಟುಕೊಂಡಿದ್ದರು. ಕವಿರಾಜಮಾರ್ಗಕಾರ ತನಗಿಂತ ಹಿಂದಿನವರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನೂ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಕವಿಗಳನ್ನೂ ಹೆಸರಿಸಿ ಹೊಗಳಿದ್ದಾನೆ. ಇವರು ಕನ್ನಡದಲ್ಲಿ ಬರೆದ ಕೃತಿಗಳಲ್ಲಿ ಒಂದೂ ನಮ್ಮ ಕೈಗೆ ಸಿಕ್ಕಿಲ್ಲ. ಮಳಖೇಡದ ಆ ಪುಸ್ತಕದಲ್ಲಿ ಹೆಸರುಗಳು ಮಾತ್ರ ಇವೆ.